ಒಣಗದ ನೀಲಿ

ಮಳೆ ಮಧ್ಯಾಹ್ನದಿಂದಲೇ ಹಿಡಿದಿತ್ತು. ಸಂಜೆ ಆರರ ಹೊತ್ತಿಗೆ ಆ ಒಂಬತ್ತು ಮನೆಗಳ ಬೀದಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ದೀಪದ ಕಂಬಕ್ಕೆ ಅಂಟಿಸಿದ್ದ ನೋಟೀಸು ನೆನೆದು ಒಂದು ಮೂಲೆ ಕಿತ್ತುಬಂದಿತ್ತು. ಈ ಬೀದಿಯನ್ನು ವಾಸದ ವಲಯದಿಂದ ತೆಗೆದು ವ್ಯಾಪಾರದ ವಲಯಕ್ಕೆ ಸೇರಿಸುವ ಪ್ರಸ್ತಾವವಿದೆ, ತಕರಾರಿದ್ದವರು ಹನ್ನೊಂದು ಗಂಟೆಗೆ ಯೋಜನಾ ಕಚೇರಿಯ ಸಭಾಂಗಣಕ್ಕೆ ಬಂದು ಹೇಳಿಕೊಳ್ಳಬಹುದು ಎಂದು ಅದರಲ್ಲಿತ್ತು. ಆ ವಿಚಾರಣೆ ನಾಳೆಯೇ. ಮುಖ್ಯರಸ್ತೆಯಲ್ಲಿ ಎರಡು ವರ್ಷದ ಹಿಂದೆ ಎದ್ದ ನಾಲ್ಕಂತಸ್ತಿನ ಅಂಗಡಿಯ ಜನರೇಟರು ಮಳೆಯ ಸದ್ದನ್ನೂ ಮೀರಿ ಗುರುಗುಡುತ್ತಿತ್ತು.

ಬೀದಿಯವರೆಲ್ಲ ನರ್ಸಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಸೇರಿದ್ದರು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವಳು ಅವಳು. ಆ ಜನರೇಟರು ಬಂದಾಗಿನಿಂದ ಅವಳಿಗೆ ನೆಟ್ಟಗೆ ನಿದ್ದೆಯಿಲ್ಲ. ಹೋದ ತಿಂಗಳು ವಾರ್ಡಿನಲ್ಲಿ ತೂಕಡಿಸಿ ಒಬ್ಬ ರೋಗಿಗೆ ಇನ್ನೊಬ್ಬನ ಇಂಜೆಕ್ಷನ್ನು ಕೊಡಲು ಹೋಗಿ, ಸೂಜಿ ಚುಚ್ಚುವ ಮುಂಚೆ ಎಚ್ಚೆತ್ತಿದ್ದಳು. ಅಂಗಡಿಗಳು ಬೀದಿಯ ಒಳಕ್ಕೇ ಬಂದರೆ ಕೆಲಸವನ್ನಾದರೂ ಬಿಡಬೇಕು, ಮನೆಯನ್ನಾದರೂ ಬಿಡಬೇಕು. ಅದಕ್ಕೇ ಎಂಟು ಮನೆಗಳ ತಕರಾರು ಅರ್ಜಿಗಳನ್ನು ಅವಳೇ ಕೂತು ಬರೆದಿದ್ದಳು. ಮಧ್ಯಾಹ್ನ ಕಚೇರಿಗೆ ಹೋಗಿ, ಬೀದಿಯ ಈಗಿನ ನಕ್ಷೆಯ ಪ್ರತಿಯನ್ನೂ ತಂದಿದ್ದಳು. ಅದು ರಟ್ಟಿನ ಕೊಳವೆಯಲ್ಲಿ ಸುತ್ತಿಕೊಂಡು ಮೇಜಿನ ಮೇಲಿತ್ತು. ಮಳೆಯ ಗಡಿಬಿಡಿಯಲ್ಲಿ ಅದನ್ನು ತೆರೆದು ನೋಡಲು ಅವಳಿಗೆ ಪುರುಸೊತ್ತಾಗಿರಲಿಲ್ಲ.

ಸಹಿ ಬಾಕಿ ಇದ್ದದ್ದು ಒಂಬತ್ತನೆಯ ಮನೆಯದು ಮಾತ್ರ. ಅಲ್ಲಿದ್ದವರು ನಕ್ಷೆ ತಾತ. ಅದೇ ಯೋಜನಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆಗಳಿಗೆ ಬಣ್ಣ ತುಂಬಿ ನಿವೃತ್ತರಾದವರು. ಒಳಗಿನ ದಾರಿ ಬಲ್ಲವರು, ಅವರೇ ಮುಂದೆ ನಿಲ್ಲುತ್ತಾರೆಂದು ಬೀದಿಯೆಲ್ಲ ನಂಬಿತ್ತು. ಅವರಾದರೋ ಮೂರು ವಾರದಿಂದ ಒಂದು ದಿನ ಮಂಡಿನೋವು, ಒಂದು ದಿನ ಕೆಮ್ಮು ಎನ್ನುತ್ತ ನುಣುಚಿಕೊಳ್ಳುತ್ತಿದ್ದರು. ಇವತ್ತು ಮಾತ್ರ ಕರೆಯದೆಯೇ ಬಂದು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಏನ್ ತಾತಾ, ಮಂಡಿನೋವು ಇವತ್ತು ರಜಾ ಹಾಕಿದ್ಯಾ?" ಎಂದ ಎದುರುಮನೆಯ ಬಸ್ ಕಂಡಕ್ಟರ್.

ನರ್ಸಮ್ಮನಿಗೆ ನಗುವ ಮನಸ್ಸಿರಲಿಲ್ಲ. "ಒಂದೇ ಮಾತು ಕೇಳ್ತೀನಿ ತಾತ. ನಾಳೆ ವಿಚಾರಣೆಗೆ ನೀವ್ಯಾಕೆ ಬರಲ್ಲ? ಅಂಗಡಿ ಕಡೆಯವರ ಹತ್ರ ಏನಾದ್ರೂ ಒಪ್ಕೊಂಡಿದೀರಾ?"

ತಾತ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಬಾಗಿಲು ಹಾಕಮ್ಮಾ, ಎರಚಲು ಹೊಡೀತಿದೆ. ಹೇಳ್ತೀನಿ... ಕೇಳಿದ ಮೇಲೆ ನೀವ್ಯಾರೂ ನನ್ನ ಹತ್ರ ಮಾತಾಡದೇ ಹೋದ್ರೂ ಸರಿ, ಹೇಳ್ಬಿಡ್ತೀನಿ.

"ಆಫೀಸು ಆಗಲೂ ಅದೇ ಕಟ್ಟಡ. ಕೆಳಗೆ ಸಭಾಂಗಣ, ಮೇಲೆ ನನ್ನ ನಕ್ಷೆ ಕೋಣೆ, ನಡುವೆ ಮರದ ಮೆಟ್ಟಿಲು, ಮೆಟ್ಟಿಲು ಹತ್ತಿದ ಕೂಡಲೇ ನನ್ನ ಕೋಣೆ ಮುಂದೆ ಒಂದು ಬೆಂಚು. ಆ ಬೆಂಚು ನೆನಪಿಟ್ಕೊಳ್ಳಿ. ಆಗ ಎಲ್ಲಾ ಕೈಕೆಲಸ. ಮನೆಗೆ ಹಳದಿ, ಅಂಗಡಿಗೆ ನೀಲಿ, ಪಾರ್ಕಿಗೆ ಹಸಿರು. ಈಗ ಹಳದಿ ಮೇಲೆ ತೆಳ್ಳಗೆ ನೀಲಿ ಎಳೆದ್ರೆ ಏನಾಗುತ್ತೆ ಹೇಳಿ? ಹಸಿರಾಗುತ್ತೆ! ಅಂಗಡಿ ಕಟ್ಟೋಕೆ ಓಡಾಡಿದವನ ಕೈಗೆ ಪಾರ್ಕು ಕೊಟ್ಟ ಹಾಗಾಗುತ್ತೆ. ಅದಕ್ಕೇ ನಾನು ನೀಲೀನ ಗೋಂದಿನ ಥರ ಗಟ್ಟಿಯಾಗಿ ಕಲಸಿ, ಕೆಳಗಿನ ಹಳದಿ ಕಾಣದ ಹಾಗೆ ಮುಚ್ತಿದ್ದೆ. ನನ್ನಷ್ಟು ಚೆನ್ನಾಗಿ ಮುಚ್ಚೋರು ಇನ್ನೊಬ್ಬರಿರಲಿಲ್ಲ. ಆದ್ರೆ ಅದು ಒಣಗೋಕೆ ಮಳೆಗಾಲದಲ್ಲಿ ಎರಡು ದಿನ, ಒಂದೊಂದ್ಸಲ ಮೂರು ದಿನ ಬೇಕು.

"ನಿಯಮ ಏನು? ಮೊದಲು ನೋಟೀಸು, ಆಮೇಲೆ ತಕರಾರು ಕೇಳೋದು, ಆಮೇಲೆ ತೀರ್ಮಾನ, ಕಟ್ಟಕಡೆಗೆ ಬಣ್ಣ. ಸಾಹೇಬರಿಗೆ ಮಾತ್ರ ವಿಚಾರಣೆ ಮುಗಿದ ಸಾಯಂಕಾಲಾನೇ ಸಹಿ ಹಾಕೋಕೆ ನಕ್ಷೆ ತಯಾರಿರಬೇಕು. ಬಣ್ಣ ಒಣಗಬೇಡ್ವಾ? ಹಾಗಾಗಿ ನಾನು... ಎರಡು ದಿನ ಮುಂಚೇನೇ ಬಳಿದಿಡ್ತಿದ್ದೆ. ಜನ ಬಂದು ಕಷ್ಟ ಹೇಳ್ಕೊಳ್ಳೋಕೆ ಮುಂಚೆ! ತಪ್ಪು ಅಂತ ಒಂದು ದಿನಕ್ಕೂ ಅನ್ನಿಸ್ಲಿಲ್ಲ ನೋಡಿ. ಒಣಗಬೇಕಲ್ಲ ಅನ್ನೋದೊಂದೇ ತಲೇಲಿದ್ದಿದ್ದು.

"ಮೂವತ್ತೊಂದು ವರ್ಷದ ಹಿಂದಿನ ಮಾತು. ಇಂಥದ್ದೇ ಮಳೆ. ಹನ್ನೊಂದು ಮನೆಗಳ ಒಂದು ಬೀದಿ, ಅಲ್ಲೊಂದು ದೊಡ್ಡ ಬಟ್ಟೆ ಅಂಗಡಿ ಬರಬೇಕಿತ್ತು. ಹತ್ತು ಮನೆಯೋರು ಸುಮ್ಮನಾದ್ರು. ತಕರಾರು ಕೊಟ್ಟಿದ್ದು ಒಬ್ಬಳೇ ಹೆಂಗಸು. ಅಂಗಿಗಳಿಗೆ ಕಾಜಾ ಹಾಕಿ ಜೀವನ ಮಾಡ್ತಿದ್ದೋಳು. ಗುಂಡಿ ತೂರೋ ತೂತಿನ ಸುತ್ತ ದಾರದಲ್ಲಿ ಹೊಲೀತಾರಲ್ಲ, ಅದು. ದಿನವೆಲ್ಲಾ ಕಿಟಕಿ ಹತ್ರ ಕೂತು ಮಾಡೋ ಕೆಲಸ. ಅವಳ ಅರ್ಜೀಲಿ ಒಂದೇ ಸಾಲು ಇದ್ದಿದ್ದು: ಅಂಗಡಿ ಗೋಡೆ ಎದ್ದರೆ ನನ್ನ ಕಿಟಕಿಗೆ ಬೆಳಕಿಲ್ಲ, ಬೆಳಕಿಲ್ಲದಿದ್ದರೆ ನನಗೆ ಕೆಲಸವಿಲ್ಲ. ಇನ್ನೇನು ಬರೀಬೇಕಿತ್ತು ಹೇಳಿ?

"ವಿಚಾರಣೆ ಹನ್ನೊಂದು ಗಂಟೆಗೆ. ಅವಳು ಹತ್ತೂವರೆಗೇ ಬಂದು, ಸಭಾಂಗಣ ಯಾವುದು ಅಂತ ಗೊತ್ತಾಗದೆ ಮೆಟ್ಟಿಲು ಹತ್ತಿ ನೇರ ನನ್ನ ಕೋಣೆಗೇ ಬಂದ್ಬಿಟ್ಲು. ನಾನು ಬೆನ್ನು ಹಾಕಿ ಕುಂಚ ತೊಳೀತಿದ್ದೆ. ತಿರುಗಿ ನೋಡಿದ್ರೆ, ಮೇಜಿನ ಮೇಲೆ ಹಾಸಿದ್ದ ನಕ್ಷೆ ಮುಂದೆ ನಿಂತಿದಾಳೆ. ಅವಳ ಬೀದಿ ಅದು. ಹನ್ನೊಂದು ಮನೇನೂ ನೀಲಿ. ತನ್ನ ಮನೆ ಹುಡುಕಿ, ಅದರ ಮೇಲೆ ಹೆಬ್ಬೆಟ್ಟು ಇಟ್ಲು... ಬೆರಳೆತ್ತಿ ನೋಡ್ಕೊಂಡ್ಲು. ಬೆರಳು ನೀಲಿಯಾಗಿತ್ತು. ಕಾಗದದ ಮೇಲೆ ಆ ಒಂದು ಮನೆ ಮಾತ್ರ ಹಳದಿ ಕಾಣ್ತಿತ್ತು. ಕತ್ತರಿ ಹಿಡಿದು ಹಿಡಿದು ಅವಳ ಹೆಬ್ಬೆಟ್ಟಿಗೆ ಅಡ್ಡಡ್ಡ ಒಂದು ಗುಳಿ ಬಿದ್ದಿತ್ತು. ಆ ಗುಳಿ ಕೂಡ ಅಚ್ಚಲ್ಲಿ ಮೂಡಿತ್ತು.

"'ಇನ್ನೂ ಹಸಿ ಇದೆ' ಅಂದ್ಲು. ಆಮೇಲೆ ನನ್ನ ಮುಖ ನೋಡಿ, 'ಇದು ಆಗ್ಲೇ ಆಗಿಹೋಗಿದ್ರೆ ನನ್ನನ್ನ ಯಾಕಪ್ಪಾ ಕರೆಸಿದ್ರಿ?' ಅಂದ್ಲು. ಜಗಳ ಇಲ್ಲ, ಕೂಗಾಟ ಇಲ್ಲ. ಇವಳು ಕೆಳಗೆ ಹೋಗಿ ಆ ನೀಲಿ ಬೆರಳು ಎಲ್ಲರ ಮುಂದೆ ಎತ್ತಿ ತೋರಿಸಿದ್ರೆ ಮೊದಲು ಹೋಗೋದು ಯಾರ ಕೆಲಸ? ಸಾಹೇಬರದ್ದಾ? ಮನೇಲಿ ಹೆಂಡತಿ ತುಂಬು ಬಸುರಿ. ಹೆದರಿದೆ ಕಣಮ್ಮಾ. ಅಷ್ಟೇ, ಬೇರೆ ಏನೂ ಕಾರಣ ಇಲ್ಲ. ನಗುಮುಖ ಮಾಡ್ಕೊಂಡು ಹೇಳಿದೆ... 'ಇದು ಬರೀ ಮಾದರಿ ಅಮ್ಮಾ. ವಿಚಾರಣೆ ಮೂರು ಗಂಟೆಗೆ ಹೋಗಿದೆ. ನೀವು ಈ ಬೆಂಚಲ್ಲಿ ಕೂತಿರಿ. ನಿಮ್ಮ ಸರದಿ ಬಂದಾಗ ನಾನೇ ಕರೀತೀನಿ.'

"ನಂಬಿದ್ಲು. ಚೀಲದಿಂದ ಒಂದು ಅಂಗಿ ತೆಗೆದು, ಅಲ್ಲೇ ಕಾಜಾ ಹಾಕ್ತಾ ಕೂತ್ಲು. ಸರಿಯಾಗಿ ಹನ್ನೊಂದಕ್ಕೆ ಕೆಳಗೆ ಜವಾನ ಕೂಗಿದ. 'ಒಂದನೇ ನಂಬರ್ ತಕರಾರುದಾರರು ಇದ್ದಾರಾ?' ಮೂರು ಸಲ ಕೂಗಬೇಕು, ಉತ್ತರ ಬರದಿದ್ರೆ ಗೈರುಹಾಜರಿ ಅಂತ ಬರೆದು ಕಡತ ಕಟ್ಟಿಡ್ತಾರೆ. ಮೊದಲ ಕೂಗಿಗೇ ನಾನು ಎದ್ದು ಹೋಗಿ, ಮೆಟ್ಟಿಲ ತಲೆಯ ಬಾಗಿಲನ್ನ ಮೆಲ್ಲಗೆ... ಶಬ್ದ ಆಗದ ಹಾಗೆ... ಹಾಕಿಬಿಟ್ಟೆ. ಅವಳು ತಲೆ ಎತ್ತಿ ನೋಡಿದ್ಲು. 'ಚಳಿಗಾಳಿ' ಅಂದೆ. ಹೂಂ ಅಂದು ಮತ್ತೆ ಸೂಜಿಗೆ ದಾರ ಪೋಣಿಸಿದ್ಲು."

ತಾತ ನಿಲ್ಲಿಸಿದರು. ನರ್ಸಮ್ಮನಿಗೆ ಎದ್ದು ಒಳಗೆ ಹೋಗಿಬಿಡಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು. ಆದರೂ ಕೂತೇ ಇದ್ದಳು.

"ಆಮೇಲೆ?" ಎಂದಳು.

"ಆಮೇಲೇನು, ಮೂರು ಗಂಟೆಗೆ 'ಮುಗಿದುಹೋಯ್ತಂತಮ್ಮಾ, ನೀವು ಗೈರು ಅಂತ ಬರೆದಿದಾರೆ' ಅಂದೆ. ಅವಳು ಅಂದಿದ್ದು ಒಂದೇ ಮಾತು, 'ನೀನು ಕರೀತೀನಿ ಅಂದಿದ್ಯಲ್ಲ?' ದಾರ ಕಚ್ಚಿ ತುಂಡು ಮಾಡಿ, ಅಂಗಿ ಮಡಚಿ, ಇಳಿದು ಹೋದ್ಲು. ಆರು ತಿಂಗಳಲ್ಲಿ ಗೋಡೆ ಎದ್ದಿತು. ಕಿಟಕಿಯಿಂದ ಎರಡು ಮೊಳ ದೂರಕ್ಕೆ. ಹಗಲೂ ಬಲ್ಬು ಹಾಕ್ಕೊಂಡು ಕೆಲಸ ಮಾಡಿ ಮಾಡಿ ಕಣ್ಣು ಹಾಳಾಯ್ತಂತೆ. ಮಾರನೇ ವರ್ಷ ಒಂದು ಬೆಳಿಗ್ಗೆ, ಆ ಅಂಗಡಿಗೆ ಸರಕು ತಂದ ಲಾರಿ ಬೀದೀಲಿ ಹಿಂದಕ್ಕೆ ಬರ್ತಿತ್ತು... ಅವಳಿಗೆ ಕಾಣಲಿಲ್ಲ.

"ಸುದ್ದಿ ಕೇಳಿ ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಸೇರಿತು. ಮನುಷ್ಯನ ಹೊಟ್ಟೆ ಅಲ್ವಾ?

"ಆಮೇಲೆ ಬಂದಿತು ನೋಡಿ ಮುಂದಿನ ಮಳೆಗಾಲ. ಬೇರೆ ಬೀದಿ, ಬೇರೆ ಕಡತ. ಎರಡು ದಿನ ಮುಂಚೆ ನೀಲಿ ಬಳಿದು, ಕೋಣೆಗೆ ಬೀಗ ಹಾಕಿ, ಬೀಗದಕೈ ಜೇಬಲ್ಲೇ ಇಟ್ಕೊಂಡು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡ್ತೀನಿ... ನಡುವೆ ಒಂದು ಹೆಬ್ಬೆಟ್ಟಿನಷ್ಟು ಹಳದಿ! ಜಿರಳೆಯೋ ಇಲಿಯೋ ಅಂದ್ಕೊಂಡು ಮತ್ತೆ ಮುಚ್ಚಿದೆ. ಮಾರನೇ ದಿನ ಮತ್ತೆ ಅಲ್ಲೇ. ಬಗ್ಗಿ ನೋಡಿದೆ. ಅಚ್ಚಿಗೆ ಅಡ್ಡಡ್ಡ ಒಂದು ಗುಳಿ... ಹೊರಗೆ ಬೆಂಚಿನ ಮೇಲೆ ಕಚ್ಚಿ ತುಂಡು ಮಾಡಿದ ಬಿಳೀ ದಾರದ ಚೂರುಗಳು.

"ಅವತ್ತು ಹನ್ನೊಂದಕ್ಕೆ ಜವಾನ ಕೂಗಿದ. ನಟ್ಟನಡು ಹಗಲು, ಸಭಾಂಗಣದ ತುಂಬ ಜನ. ಒಂದು ಸಲ, ಉತ್ತರ ಇಲ್ಲ. ಎರಡು ಸಲ, ಉತ್ತರ ಇಲ್ಲ. ಮೂರನೇ ಸಲ ಕೂಗಿದಾಗ ಮೆಟ್ಟಿಲ ತಲೆಯಿಂದ ಬಂತು, 'ಇದೀನಿ.' ನಾನೊಬ್ಬನೇ ಕೇಳಿದ್ದಲ್ಲ, ಎಲ್ಲರೂ ಕೇಳಿದ್ರು. ಸಾಹೇಬರು 'ಯಾರಮ್ಮಾ ಅದು, ಕೆಳಗೆ ಬನ್ನಿ' ಅಂದ್ರು. ಯಾರೂ ಬರಲಿಲ್ಲ. ಜವಾನನ್ನ ಮೇಲೆ ಕಳಿಸಿದ್ರು. ಒಳ್ಳೆ ಗಟ್ಟಿ ಆಳು ಅವನು. ಹೋದಷ್ಟೇ ಬೇಗ ಇಳಿದು ಬಂದ, ಮುಖದಲ್ಲಿ ರಕ್ತ ಇಲ್ಲ. ಸಾಯಂಕಾಲ ನನ್ನನ್ನ ಗೋಡೆ ಪಕ್ಕಕ್ಕೆ ಎಳೆದು ಹೇಳಿದ... 'ಆಯಮ್ಮ ಹೊಲೀತಾ ಕೂತಿದ್ರು. ಬನ್ನಿ ಅಂದೆ. ನಿನ್ನ ಕೂಗಿಗಲ್ಲಪ್ಪಾ, ಕರೀತೀನಿ ಅಂದವನು ಬೇರೆ ಇದಾನೆ, ಅವನು ಕರೀಲಿ, ಬರ್ತೀನಿ ಅಂದ್ರು.' ಮಾರನೇ ವಾರ ವರ್ಗ ಮಾಡಿಸ್ಕೊಂಡು ಹೋದ.

"ನಾನು ಮಾಡಬೇಕಾಗಿದ್ದು ಎಷ್ಟು? ವಿಚಾರಣೆ ದಿನ, ಎಲ್ಲರ ಮುಂದೆ, ಮೆಟ್ಟಿಲ ಕೆಳಗೆ ನಿಂತು 'ಬಾರಮ್ಮಾ, ನಿನ್ನ ಸರದಿ' ಅನ್ನಬೇಕು. ಯಾರನ್ನ ಕರೀತಿದೀಯಾ ಅಂತ ಕೇಳಿದ್ರೆ ನಡೆದಿದ್ದು ನಡೆದ ಹಾಗೆ ಹೇಳಬೇಕು. ಅಷ್ಟೇ. ನಾಲಿಗೆ ಹೊರಳಲಿಲ್ಲ. ಈ ವರ್ಷ, ಬರೋ ವರ್ಷ ಅಂತ ಇಪ್ಪತ್ತು ವರ್ಷ ಕಳೆದೆ. ಅಷ್ಟೂ ವರ್ಷ ಆ ಬೆಂಚಿನ ಮುಂದೇನೇ ತಲೆ ತಗ್ಗಿಸ್ಕೊಂಡು ಓಡಾಡಿದೆ. ಸನ್ಮಾನ ಮಾಡಿ ಕಳಿಸಿದ್ರು ನನ್ನ! ಈಗ ಹೇಳಮ್ಮಾ, ನಾಳೆ ನಾನು ಯಾವ ಮುಖ ಹೊತ್ಕೊಂಡು ಆ ಮೆಟ್ಟಿಲ ಕೆಳಗೆ ನಿಂತ್ಕೊಳ್ಳಲಿ?"

ಕಂಡಕ್ಟರ್, ಕೋಣೆಯ ಭಾರ ಇಳಿಸುವವನಂತೆ ಅಂದ: "ಹೋಗ್ಲಿ ಬಿಡಿ ತಾತ. ಈಗೆಲ್ಲ ಕಂಪ್ಯೂಟರು. ಗುಂಡಿ ಒತ್ತಿದ್ರೆ ನಕ್ಷೆ ಬರುತ್ತೆ. ಮುಂಚೆ ಬಳಿಯೋದೂ ಇಲ್ಲ, ಒಣಗಿಸೋದೂ ಇಲ್ಲ."

"ಹೌದಾ?" ಎಂದರು ತಾತ. "ಹಾಗಾದ್ರೆ ಆ ಕೊಳವೇಲಿರೋ ನಕ್ಷೆ ಬಿಚ್ಚಮ್ಮಾ, ನೋಡೋಣ."

ನರ್ಸಮ್ಮ ಕೊಳವೆಯಿಂದ ನಕ್ಷೆಯನ್ನು ಎಳೆದು ಮೇಜಿನ ಮೇಲೆ ಹಾಸಿದಳು. ನುಣುಪಾದ ಹೊಸ ಕಾಗದ, ಅಚ್ಚು ಹಾಕಿದ ಗೆರೆಗಳು, ಮೂಲೆಯಲ್ಲಿ ಇವತ್ತಿನ ತಾರೀಖಿನ ಮೊಹರು. ಅವಳು ಕೇಳಿದ್ದು ಈಗಿನ ನಕ್ಷೆಯನ್ನು. ಅದರಲ್ಲಿ ಬೀದಿ ಹಳದಿಯಾಗಿರಬೇಕಿತ್ತು. ಒಂಬತ್ತು ಮನೆಗಳೂ ನೀಲಿಯಾಗಿದ್ದವು. ನಾಳೆಯ ಸಹಿಗೆ ಸಿದ್ಧ ಮಾಡಿಟ್ಟಿದ್ದನ್ನೇ ಯಾರೋ ಕೈತಪ್ಪಿ ಅವಳಿಗೆ ಕೊಟ್ಟಿದ್ದರು.

"ಆಗ್ಲೇ ಮಾಡ್ಬಿಟ್ಟಿದಾರೆ" ಎಂದಳು ನರ್ಸಮ್ಮ. ಆಮೇಲೆ ಬೀದಿಯ ಕೊನೆಯ ಮನೆ ಅವಳ ಕಣ್ಣಿಗೆ ಬಿತ್ತು. ಅದರ ಮೇಲೆ ಹೆಬ್ಬೆಟ್ಟಿನಷ್ಟು ಹಳದಿ ಇತ್ತು, ಹಳದಿಯ ನಡುವೆ ಅಡ್ಡಡ್ಡ ಒಂದು ಗೆರೆ. ಅಚ್ಚಿನ ದೋಷವಿರಬೇಕು ಎಂದುಕೊಂಡು ಅದರ ಅಂಚನ್ನು ಮುಟ್ಟಿದಳು. ಬೆರಳಿನ ತುದಿಗೆ ನೀಲಿ ಹತ್ತಿತು. ಹಸಿಯಾಗಿತ್ತು, ಗೋಂದಿನಂತೆ ದಪ್ಪಗಿತ್ತು.

ಒಂಬತ್ತನೆಯ ಮನೆ. ತಾತನದು.

ತಾತ ಹತ್ತಿರ ಬಂದು, ಬಗ್ಗಿ, ಬಹಳ ಹೊತ್ತು ನೋಡಿದರು. ಪೆನ್ನು ತೆಗೆದುಕೊಂಡು ಅರ್ಜಿಗಳ ಕಟ್ಟಿನ ಮೇಲೆ ಒಂದು ಹೊಸ ಹಾಳೆಯಿಟ್ಟು, ತಮ್ಮ ತಕರಾರು ಬರೆದು ಸಹಿ ಮಾಡಿದರು.

"ಇಷ್ಟು ವರ್ಷ ನಾನು ಕರೀಲಿಲ್ಲ. ಈಗ ಅವಳೇ ಕರೀತಿದಾಳೆ. ಒಂದನೇ ನಂಬರು ನನ್ನದಾಗಲಿ ನರ್ಸಮ್ಮಾ. ಈ ನಕ್ಷೆ ಜೋಪಾನ, ಎಲ್ಲರ ಮುಂದೆ ಹಿಡೀರಿ. ನಿಮ್ಮ ನಿಮ್ಮ ನಂಬರಿಗೆ ಜೋರಾಗಿ ಉತ್ತರ ಕೊಡಿ. ನಾನು ಹತ್ತೂವರೆಗೇ ಮೇಲೆ ಹೋಗಿ ಅವಳನ್ನ ಕರ್ಕೊಂಡು ಬರ್ತೀನಿ..." ಅವರು ಬಾಗಿಲು ತೆರೆದು ಕೊಡೆ ಬಿಚ್ಚಿದರು. "ಮೂರು ಸಲ ಕೂಗಿದ ಮೇಲೂ ನಾನು ಇಳಿದು ಬರದಿದ್ರೆ, ಹುಡುಕ್ಕೊಂಡು ಯಾರೂ ಹತ್ತಿ ಬರಬೇಡಿ. ಆ ಬೆಂಚಲ್ಲಿ ಇಬ್ಬರಿಗಷ್ಟೇ ಜಾಗ ಇರೋದು."