ಹರಿಗೋಲಿನ ಹಿಂದು ಮುಂದು

ಕೂತಿರಾ? ಕೂತಿದ್ದರೆ ಬಾಯಿ ಮುಚ್ಚಿ ಕೇಳಿ. ಯಾವುದೋ ಒಂದು ಸೀಮೆ. ಹೆಸರು ನನಗೂ ಯಾರೂ ಹೇಳಲಿಲ್ಲ. ಅಲ್ಲೊಂದು ಹೊಳೆ. ಈಚೆ ಊರು, ಆಚೆ ಗುಡ್ಡ.

ಹೊಳೆ ದಾಟಿಸುವವನು ಚೌಡ. ಅವನ ಹರಿಗೋಲು ಬುಟ್ಟಿಯ ಹಾಗೆ ದುಂಡಗೆ. ಅವನ ಮನೆಯಲ್ಲೊಂದು ಕಟ್ಟಳೆ. ಗುಡ್ಡದವರು ಹಿಂದೆ ಕೂರಬೇಕು, ಊರಿನವರಿಗಿಂತ ಮೊದಲು ದಡ ಮುಟ್ಟಬಾರದು. ದುಂಡನೆಯ ಹರಿಗೋಲಿಗೆ ಹಿಂದೆ ಯಾವುದು, ಮುಂದೆ ಯಾವುದು? ನನ್ನನ್ನು ಕೇಳಬೇಡಿ. ಆ ಮನೆಯಲ್ಲೂ ಯಾರೂ ಕೇಳಿರಲಿಲ್ಲ.

ಚೌಡನ ಸೊಸೆಗೆ ಹೆರಿಗೆ ನೋವು ಬಂತು. ಎರಡು ದಿನವಾದರೂ ಮಗು ಬರಲಿಲ್ಲ. ಸೂಲಗಿತ್ತಿ ಇದ್ದವಳು ಒಬ್ಬಳೇ, ಗುಡ್ಡದ ಜೋಗಮ್ಮ. ಚೌಡನ ಕೈ ಮುರಿದಿತ್ತು. ಮಗ ಪರ ಊರಿನಲ್ಲಿದ್ದ. ಹದಿನೈದು ವರ್ಷದ ಮಗಳು ಪುಟ್ಟೀರಿ ಹರಿಗೋಲಿನ ಹುಟ್ಟು ಹಿಡಿದು ಜೋಗಮ್ಮನನ್ನು ಕರೆತರಲು ಹೋದಳು.

"ಹಿಂದೆ ಕೂತ್ಕೋ ಮುದುಕಿ," ಅಂದಳು.

ಮುದುಕಿ ಕೂತಳು.

ನಡುಹೊಳೆಯಲ್ಲಿ ಸುಳಿ. ಹರಿಗೋಲು ತಿರುಗಿತು, ಮುದುಕಿ ಮುಂದಾದಳು. ಪುಟ್ಟೀರಿ ದಡದ ಯೋಚನೆ ಬಿಟ್ಟು ಹರಿಗೋಲನ್ನು ತಿರುಗಿಸಿದಳು. ಮತ್ತೆ ತಿರುಗಿತು, ಮತ್ತೆ ತಿರುಗಿಸಿದಳು. ಮೂರನೇ ಸಲಕ್ಕೆ ಊರು ಹೊಳೆಯ ಮೇಲುಗಡೆ ಉಳಿಯಿತು, ಇವರು ನೀರಿನೊಡನೆ ಕೆಳಗೆ ತೇಲಿದರು.

"ನಾನು ಹಿಂದಿರಬೇಕು ಅಂತ ಹೇಳಿದ್ದು ಯಾರೇ?"

"ಅಪ್ಪ."

"ಅವನಿಗೆ?"

"ತಾತ."

"ತಾತನಿಗೆ?"

"ಮುತ್ತಾತ. ಅವರು ಇದೇ ಸುಳೀಲಿ ಹೋದ್ರು."

"ಹೋಗದೆ ಇನ್ನೇನು," ಅಂದಳು ಮುದುಕಿ. "ನಿಮ್ಮತ್ತಿಗೆ ಇನ್ನೆಷ್ಟು ಹೊತ್ತು ತಡೀತಾಳೆ?"

ಚೌಡ ದಡದುದ್ದಕ್ಕೂ ಓಡಿ ಬರುತ್ತಿದ್ದ. ಪುಟ್ಟೀರಿ ನೋಡಿದಳು. ಅಪ್ಪನೆಂದರೆ ಅವಳಿಗೆ ಪ್ರಾಣ. ಅವನ ಮಾತನ್ನು ಒಮ್ಮೆಯೂ ಮೀರಿರಲಿಲ್ಲ.

ಹುಟ್ಟನ್ನು ಮುದುಕಿಯ ಕೈಗೆ ಕೊಟ್ಟಳು. "ಈಗ ನಿಮ್ಮ ಕಡೆ ಮುಂದಾಗಿದೆ ಅಜ್ಜಿ. ನೀವೇ ಹಾಕಿ."

ಅಷ್ಟೇ. ಯಾರ ಕಡೆ ಮುಂದಾಯಿತೋ ಅವರು ಹುಟ್ಟು ಹಾಕಿದರು. ಹರಿಗೋಲು ತಿರುಗುತ್ತ ತಿರುಗುತ್ತ ದಡ ಸೇರಿತು. ಮೊದಲು ಇಳಿದವಳು ಜೋಗಮ್ಮ. ಚೌಡ ನೋಡಿದ.

ಹೆಣ್ಣು ಮಗು ಹುಟ್ಟಿತು. ತಾಯಿಯೂ ಉಳಿದಳು.

"ಹಿಂದೆ ಕೂರಿಸು ಅಂದಿದ್ದೆ," ಅಂದ ಚೌಡ.

"ಕೂರಿಸಿದ್ದೆ ಅಪ್ಪ. ಹಾಗೇ ಕೂರಿಸ್ತಾ ಇದ್ದಿದ್ರೆ ಇನ್ನೂ ಹೊಳೇಲೇ ಇರ್ತಿದ್ವಿ."



ವರ್ಷಗಳು ಕಳೆದವು. ಮೊಮ್ಮಗಳಿಗೆ ಹುಟ್ಟು ಹಾಕುವುದನ್ನು ಅವನೇ ಕಲಿಸಿದ. ಸುಳಿ ಎಲ್ಲಿ, ಬಂಡೆ ಎಲ್ಲಿ, ಆಳ ಎಲ್ಲಿ, ಎಲ್ಲ ಹೇಳಿದ. ಯಾರನ್ನು ಎಲ್ಲಿ ಕೂರಿಸಬೇಕು ಅಂತ ಹೇಳಲಿಲ್ಲ. ಅಂಥದ್ದೊಂದು ಕಟ್ಟಳೆ ಇತ್ತು ಅಂತ ಅವಳಿಗೆ ಗೊತ್ತೇ ಆಗಲಿಲ್ಲ.

ಕತೆ ದಡ ಮುಟ್ಟಿತು. ಇಳಿಯಿರಿ.