ಪಟ್ಟಿ ಕಟ್ಟಿದ ಕಣ್ಣಿಗೆ ಕೇಳಿಸಿದ ಕನ್ನಡ

ಅಲ್ಲ, ಆ ಚಿಕ್ಕವಳ ಕಣ್ಣಿಗೆ ಶಾಲು ಕಟ್ಟಿ ಗಂಟಲು ದಪ್ಪ ಮಾಡಿ ಹೆದರಿಸುವುದು ಸಾಕು ಅಂತ ನಾನು ಸುಮ್ಮನೆ ಹೇಳಿದ್ದಾ? ಬಿಚ್ಚಿ ಅದನ್ನು. ಬಿಚ್ಚಿ ಇಲ್ಲಿ ಜಗಲಿಗೆ ಬನ್ನಿ, ಕೂತ್ಕೊಳ್ಳಿ. ಅಜ್ಜಿಗೆ ಯಾವ ಆಟವೂ ಸೇರುವುದಿಲ್ಲ ಅಂತ ಮುಖ ಮಾಡ್ಬೇಡಿ, ಕಣ್ಣು ಕಟ್ಟಿದವರ ಮಂಡೆ ಎಲ್ಲಿಗೆಲ್ಲ ಹೋಗ್ತದೆ ಅಂತ ನನಗೆ ಗೊತ್ತುಂಟು. ನನಗೆ ಆಗ ಹತ್ತೊಂಬತ್ತು ವರ್ಷ, ಅಲ್ಲ, ಇಪ್ಪತ್ತು, ಅಣ್ಣನ ಮದುವೆ ಆಗಿತ್ತಲ್ಲ, ಹಾಗಾದರೆ ಇಪ್ಪತ್ತು. ಎಮರ್ಜೆನ್ಸಿ ಅಂತ ಇತ್ತು, ನಿಮ್ಮ ಪುಸ್ತಕದಲ್ಲಿ ಉಂಟೋ ಇಲ್ವೋ, ಯಾರನ್ನು ಬೇಕಾದರೂ ಹಿಡ್ಕೊಂಡು ಹೋಗ್ತಾರಂತೆ ಅಂತ ಜನ ಪಿಸಿಪಿಸಿ ಮಾತಾಡುವ ಕಾಲ. ಉಡುಪಿಯಲ್ಲಿ ಒಂದು ಸಣ್ಣ ಕಣ್ಣಿನ ಆಸ್ಪತ್ರೆ ಇತ್ತು, ಈಗ ಇಲ್ಲ, ಆ ಜಾಗದಲ್ಲಿ ಸೀರೆ ಅಂಗಡಿ ಬಂದಿದೆ. ಅಲ್ಲಿ ನಾನು ಆಯಾ ಕೆಲಸಕ್ಕೆ ಸೇರಿದ್ದು. ಉದ್ಯಾವರದಿಂದ ಬೆಳಿಗ್ಗೆ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಏಳನೇ ಕ್ಲಾಸ್ ಪಾಸಾದವಳು ಅಂತ ತಕ್ಕೊಂಡದ್ದು, ಮಂಚಕ್ಕೆ ನೇತು ಹಾಕಿದ ಚೀಟಿಯಲ್ಲಿ ಹೆಸರು ಓದ್ಲಿಕ್ಕೆ ಬರ್ತಿತ್ತಲ್ಲ.

ಆಗಿನ ಕಣ್ಣಿನ ಆಪರೇಷನ್ ಈಗಿನ ಹಾಗೆ ಅಲ್ಲ ಮಕ್ಕಳೇ. ಈಗ ಬೆಳಿಗ್ಗೆ ಹೋಗಿ ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿ ರಿಕ್ಷಾದಲ್ಲಿ ಬರ್ತಾರೆ. ಆಗ ಪೊರೆ ತೆಗೆದರೆ ಒಂದೇ ಕಣ್ಣಿನದ್ದಾದರೂ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅಂಗಾತ ಮಲಗಿಸುವುದು, ತಲೆಯ ಈಚೆ ಆಚೆ ಒಂದೊಂದು ಮರಳಿನ ಚೀಲ ಇಡುವುದು, ತಲೆ ಹೊರಳಬಾರದು ಅಂತ. ಕೆಮ್ಮಬಾರದು, ನಗಬಾರದು, ಏಳಬಾರದು, ಎಲ್ಲ ಮಲಗಿದಲ್ಲಿಗೇ. ಗಂಜಿಯ ತಿಳಿಯನ್ನು ಮೂತಿ ಇರುವ ಕಪ್ಪಿನಲ್ಲಿ ಬಾಯಿಗೆ ಬಿಡುವುದು. ಕಿಟಕಿಗೆ ದಪ್ಪ ಹಸಿರು ಪರದೆ ಬೇರೆ. ಹಗಲು ಹನ್ನೊಂದು ಗಂಟೆಗೂ ಅಲ್ಲಿ ಮಬ್ಬು. ಎರಡು ದಿವಸ ಆದ ಮೇಲೆ ಒಬ್ಬೊಬ್ಬರು ಸಂಜೆಯ ಹೊತ್ತಿಗೆ ಬೆಳಗ್ಗಿನ ಕಾಫಿ ಕೇಳ್ತಿದ್ದರು, ಒಬ್ಬರಂತೂ ಸತ್ತುಹೋದ ತಮ್ಮನ ಹತ್ತಿರ ಮಾತಾಡ್ತಿದ್ದರು. ಪಟ್ಟಿ ಕಟ್ಟದ ನನಗೇ ಆ ಮಬ್ಬಿನಲ್ಲಿ ಇದ್ದು ಇದ್ದು ಹೊರಗೆ ಬಂದರೆ ಒಂದು ನಮೂನೆ ಅಳು ಬಂದ ಹಾಗೆ ಆಗ್ತಿತ್ತು, ಯಾಕೆ ಅಂತ ಗೊತ್ತಿಲ್ಲ.

ಮತ್ತೆ ಭಾಷೆಯ ಕತೆ. ವಾರ್ಡಿನ ದೊಡ್ಡ ನರ್ಸು ಮೇರಿ ಸಿಸ್ಟರ್, ಕೇರಳದವರು, ಕನ್ನಡ ಕಲಿತಿದ್ದರು, ತುಳು ಬರ್ತಿರಲಿಲ್ಲ. ಮೊದಲ ದಿವಸವೇ ನನಗೆ ಹೇಳಿದರು, "ನೋಡು ಸುಮತಿ, ಪೇಷೆಂಟ್ ಹತ್ತಿರ ನೀನು ಕನ್ನಡದಲ್ಲೇ ಮಾತಾಡಬೇಕು. ನೀನು ಎಂತ ಹೇಳಿದ್ದು, ಅವರು ಎಂತ ಹೇಳಿದ್ದು, ನನಗೆ ತಿಳಿಯಬೇಕಲ್ಲ." ಅದು ಸರಿಯೇ, ಅವರದ್ದು ತಪ್ಪಿಲ್ಲ. ತಪ್ಪು ನನ್ನದು, ಯಾಕೆಂದರೆ ನನಗೆ ಅದು ಭಾರೀ ಖುಷಿ ಆಯ್ತು. ಮನೆಯಲ್ಲಿ ತುಳು, ಬಸ್ಸಿನಲ್ಲಿ ತುಳು, ಶಾಲೆ ಬಿಟ್ಟ ಮೇಲೆ ನನ್ನ ಕನ್ನಡಕ್ಕೆ ಕೆಲಸವೇ ಇರಲಿಲ್ಲ. ನಮ್ಮ ಮಾಸ್ಟ್ರು ಕಲಿಸಿದ ಕನ್ನಡ ಅದು, ರೇಡಿಯೋದಲ್ಲಿ ವಾರ್ತೆ ಓದ್ತಾರಲ್ಲ, ಹಾಗೆ. "ತಾವು ಅಲುಗಾಡಬಾರದು. ಮಾತನಾಡಬಾರದು. ಸುಮ್ಮನೆ ಮಲಗಿರಬೇಕು." ಹೀಗೆ ಕೊರಳು ಎತ್ತಿ ಹೇಳುವುದು. ನಗ್ಬೇಡಿ, ಖಂಡಿತ ಹಾಗೇ ಹೇಳ್ತಿದ್ದದ್ದು. ಡಾಕ್ಟ್ರು ಒಮ್ಮೆ "ಹುಡುಗಿ ಒಳ್ಳೆ ಕನ್ನಡ ಮಾತಾಡ್ತಾಳೆ" ಅಂತ ಹೇಳಿದ್ದರು, ಅದೊಂದು ಮಾತಿಗೆ ನಾನು ನೆಲಕ್ಕೆ ಕಾಲು ತಾಗದ ಹಾಗೆ ನಡೀತಿದ್ದೆ.

ಹೀಗಿರುವಾಗ ಎಂಟನೇ ಮಂಚಕ್ಕೆ ಸೀತಕ್ಕ ಅಂತ ಬಂದರು. ಕಾಪುವಿನವರು, ಕಡಲ ಬದಿಯವರು. ತಲೆಯ ಮೇಲೆ ಬುಟ್ಟಿ ಇಟ್ಟು ಮನೆಮನೆಗೆ ಮೀನು ಮಾರುವವರು. ಅರುವತ್ತರ ಮೇಲೆ ಪ್ರಾಯ. ಒಂದು ಕಣ್ಣು ಮೊದಲೇ ಹೋಗಿತ್ತು, ಎಂತದೋ ಮುಳ್ಳು ತಾಗಿ. ಉಳಿದ ಒಂದಕ್ಕೆ ಪೊರೆ. ಗೊತ್ತಾಯ್ತಾ? ಅದೊಂದೇ ಕಣ್ಣು. ಅವರ ಮಗಳು ಲಲಿತ ಸೇರಿಸಿ ಹೋದದ್ದು. ತಾಯಿಯ ಬುಟ್ಟಿ ಈಗ ಅವಳ ತಲೆಯ ಮೇಲೆ, ಹಾಗಾಗಿ ಸಂಜೆ ನಾಲ್ಕು ಗಂಟೆಗೆ ಮಾತ್ರ ಬರ್ಲಿಕ್ಕೆ ಆಗುವುದು. ಮಂಗಳವಾರ ಆಪರೇಷನ್ ಆಯ್ತು. ಪಟ್ಟಿ ಬಿಚ್ಚಿ ನೋಡುವುದು ಶುಕ್ರವಾರ.

ಬುಧವಾರ ಮಧ್ಯಾಹ್ನ, ಸಿಸ್ಟರ್ ಊಟಕ್ಕೆ ಹೋಗಿದ್ದರು, ವಾರ್ಡಿನಲ್ಲಿ ನಾನೊಬ್ಬಳೇ. ಸೀತಕ್ಕ ಕೈಯಲ್ಲಿ ಮಂಚದ ಕಬ್ಬಿಣ ಹುಡುಕಿ ಹುಡುಕಿ ಮುಟ್ಟುವುದು ಕಂಡಿತು. ನಾನು ಹತ್ತಿರ ಹೋಗಿ ನನ್ನ ರೇಡಿಯೋ ಕನ್ನಡದಲ್ಲಿ, "ಕೈ ಕೆಳಗೆ ಇಡಬೇಕು. ಅಲುಗಾಡಬಾರದು ಎಂದು ಹೇಳಿದ್ದೇವೆ." ಅವರು ಸಣ್ಣ ಸ್ವರದಲ್ಲಿ, "ಯಾನ್ ದಾಲ ಮಲ್ತ್‌ಜಿ", ನಾನು ಏನೂ ಮಾಡಲಿಲ್ಲ ಅಂತ. ನನಗೆ ಅರ್ಥ ಆಗುವುದಿಲ್ವಾ, ನನ್ನ ತಾಯಿಯ ಭಾಷೆ ಅದು. ಆದರೂ ನಾನು ಕನ್ನಡವೇ. "ಮಾತನಾಡಬಾರದು." ಅವರು ಮತ್ತೊಮ್ಮೆ ಅದನ್ನೇ ಹೇಳಿದರು. ನಾನು ಮತ್ತೂ ಗಟ್ಟಿಯಾಗಿ, "ಬಾಯಿ ಮುಚ್ಚಿ ಮಲಗಿ." ಅಷ್ಟೇ ನೋಡಿ, ದಡಕ್ಕನೆ ಎದ್ದು ಕೂತರು. ಮರಳಿನ ಚೀಲ ಒಂದು ನೆಲಕ್ಕೆ ಬಿತ್ತು. ಕಾಲು ಕೆಳಗೆ ಹಾಕ್ಲಿಕ್ಕೆ ನೋಡ್ತಾರೆ, ಎರಡೂ ಕೈ ಮುಂದೆ ಮಾಡಿ ಗಾಳಿಯಲ್ಲಿ ಬಾಗಿಲು ಹುಡುಕ್ತಾರೆ. ಭುಜ ಹಿಡಿದು ಒತ್ತಿ ಮಲಗಿಸಿದೆ, ಆಗಲಾದರೂ ತುಳು ಬಂತಾ ಬಾಯಿಗೆ? ಇಲ್ಲ. "ಮಲಗಿ, ಮಲಗಿ, ಏಳಬಾರದು" ಅಂತ ಅದೇ ಕನ್ನಡ. ಹೆದರಿಕೆಯಾದಾಗ ಕೈಗೆ ಸಿಕ್ಕಿದ್ದನ್ನೇ ಹಿಡ್ಕೊಳ್ತೇವಲ್ಲ, ಹಾಗೆ. ಒಮ್ಮೆಲೇ ಅವರ ಮೈ ಮರದ ಹಾಗೆ ಆಯ್ತು. ಮಲಗಿದರು. ಎರಡೂ ಮುಷ್ಟಿ ಎದೆಯ ಮೇಲೆ ಬಿಗಿ. ನಾನು ಚೀಲ ಎತ್ತಿ ಇಟ್ಟೆ, ಹೊದಿಕೆ ಸರಿ ಮಾಡಿದೆ, ಪಟ್ಟಿ ನೋಡಿದೆ, ಹೊರಗಿನಿಂದ ಎಂತದೂ ಕಾಣುವುದಿಲ್ಲ. ಸಿಸ್ಟರ್ ಊಟ ಮುಗಿಸಿ ಬಂದು "ಎಲ್ಲ ಸರಿ ಉಂಟಾ" ಅಂತ ಕೇಳಿದರು. "ಉಂಟು ಸಿಸ್ಟರ್" ಅಂದೆ.

ಹೇಳ್ಲಿಕ್ಕೆ ಆಗಲಿಲ್ಲ ಮಗ. ಹೇಳಿದರೆ ಕೆಲಸ ಹೋಗ್ತದೆ ಅಂತ ಒಂದು, ಒಳ್ಳೆ ಹುಡುಗಿ ಅನ್ನಿಸ್ಕೊಂಡದ್ದು ಹೋಗ್ತದೆ ಅಂತ ಇನ್ನೊಂದು. ಯಾವುದು ದೊಡ್ಡದು ಅಂತ ಕೇಳಿದರೆ ಎರಡನೆಯದೇ, ನಾಚಿಕೆ ಬಿಟ್ಟು ಹೇಳ್ತೇನೆ. ಆ ದಿನ ಬಸ್ಸಿನಲ್ಲಿ ಕೂತರೆ ಎದುರಿನ ಸೀಟಿನವರ ಕಣ್ಣು ನೋಡ್ಲಿಕ್ಕೆ ಆಗುವುದಿಲ್ಲ. ಮನೆಯಲ್ಲಿ ಅನ್ನ ಇಳಿಯಲಿಲ್ಲ. ಅಮ್ಮ "ಎಂತ ಆಯ್ತು" ಅಂತ ಕೇಳಿದರೆ ತಲೆನೋವು. ನನ್ನ ತಲೆಯಲ್ಲಿ ಒಂದೇ. ಹೊಲಿಗೆ ಬಿಟ್ಟಿದ್ದರೆ? ಒಳಗೆ ನೀರು ಸೋರ್ತಾ ಇದ್ದರೆ? ಶುಕ್ರವಾರ ಪಟ್ಟಿ ಬಿಚ್ಚುವಾಗ ಕಣ್ಣೇ ಇಲ್ಲದಿದ್ದರೆ? ಏನೂ ಆಗಿರಲಿಕ್ಕಿಲ್ಲ ಅಂತ ಒಮ್ಮೆ, ಆಗಿಯೇ ಆಗಿದೆ ಅಂತ ಒಮ್ಮೆ. ಗುರುವಾರ ಬೆಳಿಗ್ಗೆ ಹೋದರೆ ಸೀತಕ್ಕ ಗಂಜಿ ಮುಟ್ಟಲಿಲ್ಲ. ಕಪ್ಪು ತುಟಿಗೆ ತಾಗಿಸಿದರೆ ಬಾಯಿ ಬಿಗಿ ಹಿಡೀತಾರೆ. ನನ್ನ ಸ್ವರ ಕೇಳಿದರೆ ಸಾಕು, ಮುಷ್ಟಿ ಬಿಗಿ. ಸಿಸ್ಟರ್ ಚೀಟಿಯಲ್ಲಿ "ಆಹಾರ ಬೇಡ ಅನ್ನುತ್ತಾರೆ" ಅಂತ ಬರೆದರು, ಮುದುಕಿಗೆ ಸ್ವಲ್ಪ ಬುದ್ಧಿ ಭ್ರಮಣೆ ಆಗಿರಬೇಕು ಅಂದರು. ನಾನು ಗಂಜಿಯ ಕಪ್ಪು ತೊಳೀಲಿಕ್ಕೆ ತಕ್ಕೊಂಡು ಹೋದೆ.

ನಾಲ್ಕು ಗಂಟೆಗೆ ಲಲಿತ ಬಂದಳು. ತಾಯಿಯ ಕಿವಿಯ ಹತ್ತಿರ ಬಗ್ಗಿ ಮಾತಾಡಿದಳು, ಮತ್ತೆ ಅಳ್ತಾ ಹೊರಗೆ ಬಂದಳು. ಬಾಗಿಲ ಹತ್ತಿರ ನನ್ನನ್ನು ಹಿಡ್ಕೊಂಡು ಕೇಳಿದಳು, "ಅಮ್ಮನಿಗೆ ಎಂತ ಆಯ್ತು ಅಕ್ಕ? ನನ್ನನ್ನು ಯಾವಾಗ ಬಿಡ್ತಾರೆ, ಜಾಮೀನಿಗೆ ಯಾರು ನಿಲ್ತಾರೆ ಅಂತ ಕೇಳ್ತಾರೆ. ಇದು ಆಸ್ಪತ್ರೆ ಅಂದರೆ ನಂಬುವುದಿಲ್ಲ. ಪೊಲೀಸಿನ ಹೆಂಗಸು ಒಬ್ಬಳು ಕಾವಲಿಗೆ ಇದ್ದಾಳಂತೆ, ಭುಜ ಹಿಡಿದು ಒತ್ತಿದಳಂತೆ." ಮತ್ತೆ ಅವಳೇ ಹೇಳಿದಳು, ತುಂಬ ವರ್ಷದ ಹಿಂದೆ ಬಲೆಯ ವಿಷಯದಲ್ಲಿ ಜಗಳವಾಗಿ ಅಪ್ಪನ ಜೊತೆಗೆ ಅಮ್ಮನನ್ನೂ ಸ್ಟೇಷನ್ನಿಗೆ ಕರ್ಕೊಂಡು ಹೋಗಿದ್ದರಂತೆ, ಕಿಟಕಿ ಇಲ್ಲದ ಕೋಣೆಯಲ್ಲಿ ಒಂದು ಹಗಲು ಕೂರಿಸಿದ್ದರಂತೆ. ಅಲ್ಲಿ ಇದ್ದವರೆಲ್ಲ ಕನ್ನಡ. ಆ ಹೆಂಗಸಿಗೆ ಜೀವಮಾನದಲ್ಲಿ ಕನ್ನಡ ಅಂದರೆ ಅಷ್ಟೇ, ನೋಡಿ. ಮನೆಗೆ ತುಳು, ಮೀನಿಗೆ ತುಳು, ದೈವಕ್ಕೆ ತುಳು. ಗದರಿಸ್ಲಿಕ್ಕೆ, ಕೂಡಿ ಹಾಕ್ಲಿಕ್ಕೆ ಕನ್ನಡ. ಕಣ್ಣಿಗೆ ಕತ್ತಲೆ ಕಟ್ಟಿ ಆ ಕತ್ತಲೆಯೊಳಗೆ ನಾನು ಹೋಗಿ ಅದೇ ಭಾಷೆಯಲ್ಲಿ ಬಾಯಿ ಮುಚ್ಚಿ ಅಂತ ಹೇಳಿದೆ. ಮತ್ತೆ ಅವರು ಎಂತ ಅಂದ್ಕೊಳ್ಬೇಕು?

ಆಮೇಲೆ ನಾನು ಯೋಚನೆ ಮಾಡಲಿಲ್ಲ, ಮಾಡಿದ್ದರೆ ಹೋಗ್ತಿರಲಿಲ್ಲ. ನೆಟ್ಟಗೆ ಸಿಸ್ಟರ್ ಹತ್ತಿರ ಹೋದೆ. ಅವರು ಚಾ ಕುಡೀತಿದ್ದರು. "ಸಿಸ್ಟರ್, ಎಂಟನೇ ಮಂಚದವರು ನಿನ್ನೆ ಮಧ್ಯಾಹ್ನ ಎದ್ದು ಕೂತಿದ್ದರು. ನಾನು ಗದರಿಸಿದ್ದಕ್ಕೆ ಹೆದರಿ ಎದ್ದದ್ದು. ಒತ್ತಿ ಮಲಗಿಸಿದೆ." ಅವರು ಗ್ಲಾಸ್ ಕೆಳಗಿಟ್ಟು, "ನಿನ್ನೆಯಾ? ಇವತ್ತು ಹೇಳುವುದಾ ನೀನು?" ಅಂತ ಕೇಳಿದರು, ಅಷ್ಟೇ. ಬೈದಿದ್ದರೆ ಒಳ್ಳೆದಿತ್ತು. ಡಾಕ್ಟ್ರು ಬಂದು ಟಾರ್ಚ್ ಹಿಡಿದು ಪಟ್ಟಿ ಬಿಚ್ಚಿದರು. ನಾನು ಅವರ ಮುಖ ನೋಡ್ತಿದ್ದೆ. ಒಂದು ಹೊಲಿಗೆ ಸಡಿಲ ಆಗಿ ಕಣ್ಣಿನ ಒಳಗಿನ ಪರದೆ ಸಾಸಿವೆಯಷ್ಟು ಹೊರಗೆ ಬಂದಿತ್ತಂತೆ. "ನಾಳೆಯವರೆಗೆ ಹೀಗೇ ಇದ್ದಿದ್ದರೆ..." ಅಂತ ಹೇಳಿ ಡಾಕ್ಟ್ರು ನಿಲ್ಲಿಸಿದರು. ಕೂಡ್ಲೇ ಥಿಯೇಟರಿಗೆ. ನಾನೂ ಲಲಿತಳೂ ಹೊರಗೆ ಮೆಟ್ಟಿಲ ಮೇಲೆ ಕೂತದ್ದು. ನಾನೇ ಅಂತ ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ, ಸೆರಗು ಎಳ್ಕೊಂಡು ಸ್ವಲ್ಪ ಆಚೆ ಸರಿದು ಕೂತಳು.

ಹೊಲಿಗೆ ಸರಿ ಮಾಡಿದರು, ಆದರೆ ಕಣ್ಣು ಉಳೀತದೋ ಇಲ್ವೋ ಪಟ್ಟಿ ಬಿಚ್ಚಿದ ಮೇಲೇ ಗೊತ್ತಾಗುವುದು ಅಂದರು. ಮತ್ತೆ ಪುನಃ ಕತ್ತಲೆ, ಪುನಃ ಮರಳಿನ ಚೀಲ. ಸಿಸ್ಟರ್ ನನ್ನನ್ನು ಕರೆದರು, ಈಗ ಹೋಯ್ತು ಕೆಲಸ ಅಂತ ನಾನು. ಅವರು ಹೇಳಿದ್ದು, "ನಾಳೆಯಿಂದ ನೀನು ಆ ಮಂಚ ಬಿಟ್ಟು ಏಳಬಾರದು. ಅವರ ಭಾಷೆಯಲ್ಲೇ ಮಾತಾಡು. ಎಂತ ಮಾತಾಡಿದ್ದು ಅಂತ ಸಂಜೆ ನನಗೆ ಹೇಳಬೇಕು." ಮರುದಿವಸ ಹೋಗಿ ಮೊದಲು ಅವರ ಮುಷ್ಟಿಯ ಮೇಲೆ ಕೈ ಇಟ್ಟೆ. "ಸೀತಕ್ಕ, ಪೋಡ್ಯೊಡ್ಚಿ", ಹೆದರಬೇಡಿ ಅಂತ, "ನಾನು ಉದ್ಯಾವರದ ಸುಮತಿ." ಎಲ್ಲ ತುಳುವಿನಲ್ಲೇ. ಅವರು ಮೆಲ್ಲ, "ಉದ್ಯಾವರದಲ್ಲಿ ಯಾವ ಮನೆ?" ಮನೆ ಹೇಳಿದೆ. "ಹೊಳೆ ಬದಿಯಾ? ನಿನ್ನ ಅಮ್ಮ ಬಂಗುಡೆ ಮೀನು ತಕ್ಕೊಳ್ಳುವಾಗ ಕ್ರಯಕ್ಕೆ ತುಂಬ ಚರ್ಚೆ ಮಾಡ್ತಾಳೆ" ಅಂದರು. ಅಮ್ಮನನ್ನು ಅವರಿಗೆ ಗೊತ್ತಿತ್ತು ಮಾರಾಯ್ರೆ. ಮುಷ್ಟಿ ಬಿಟ್ಟರು. ಗಂಜಿ ಕುಡಿದರು.

ಆ ಮೇಲೆ ನನ್ನ ಕೆಲಸ ಹೊತ್ತು ಹೇಳುವುದು. ಈಗ ಗಂಟೆ ಎಂಟು, ಕಾಪುವಿನ ಬಸ್ಸು ಹೋಯ್ತು. ಈಗ ಹೊರಗೆ ಮೋಡ. ಈಗ ಲಲಿತ ಬರುವ ಹೊತ್ತು. ಸಿಸ್ಟರಿಗೆ ಹೇಳಿ ಕೊನೆಯ ಕಿಟಕಿಯ ಪರದೆ ಬೆಳಿಗ್ಗೆ ಸ್ವಲ್ಪ ಸರಿಸುವ ಹಾಗೆ ಮಾಡಿದೆ, ಬಿಸಿಲು ಒಂದು ಗೇಣು ಬಂದು ಅವರ ಅಂಗೈಗೆ ಬೀಳ್ತಿತ್ತು. ಕಣ್ಣಿಗೆ ಪಟ್ಟಿ ಇದ್ದರೂ ಅಂಗೈಗೆ ಬಿಸಿ ತಾಗಿದರೆ ಬೆಳಿಗ್ಗೆ ಆಯ್ತು ಅಂತ ಗೊತ್ತಾಗ್ತದಲ್ಲ. ಒಂದು ದಿವಸ ಕೈ ಮಗುಚಿ ಮಗುಚಿ ಬಿಸಿಲು ಕಾಯಿಸ್ತಿದ್ದರು. ಜಾಮೀನಿನ ಮಾತು ನಿಂತಿತು. ಅವರು ಸಮಾಧಾನವಾಗಿ ಮಲಗಿದ್ದು ನೋಡಿದಷ್ಟೂ ನನಗೆ ಹೆದರಿಕೆ ಜಾಸ್ತಿ, ಇಷ್ಟೆಲ್ಲ ನಂಬಿ ಮಲಗಿದವರಿಗೆ ಪಟ್ಟಿ ಬಿಚ್ಚಿದಾಗ ಕತ್ತಲೆಯೇ ಇದ್ದರೆ ನಾನು ಯಾವ ಭಾಷೆಯಲ್ಲಿ ಹೇಳುವುದು ಅಂತ.

ಪಟ್ಟಿ ಬಿಚ್ಚಿದ ದಿವಸ ಡಾಕ್ಟ್ರು ಮೂರು ಬೆರಳು ತೋರಿಸಿದರು. ಸೀತಕ್ಕ ನೀರು ತುಂಬಿದ ಕಣ್ಣಲ್ಲಿ ನೋಡಿ ನೋಡಿ "ಮೂಜಿ" ಅಂದರು, ಮೂರು ಅಂತ. ನಾನು ಮಂಚದ ಕಾಲು ಹಿಡ್ಕೊಂಡು ಕೂತುಬಿಟ್ಟೆ. ಮತ್ತೆ ನನ್ನ ಕಡೆ ತಿರುಗಿ, ಸರಿ ಕಾಣ್ತಿರಲಿಲ್ಲ ಅವರಿಗೆ, ಸ್ವರದ ಮೇಲೆ ಗುರುತು ಹಿಡಿದು, "ಸುಮತಿ ನೀನಾ? ಇಷ್ಟು ಸಣ್ಣವಳಾ? ಆ ಇನ್ನೊಬ್ಬಳು ಎಲ್ಲಿ, ಆ ಗದರಿಸುವವಳು? ಅವಳ ಮುಖ ಒಮ್ಮೆ ನೋಡಬೇಕು ನನಗೆ" ಅಂತ ಕೇಳಿದರು.

"ಅದು ನಾನೇ ಸೀತಕ್ಕ" ಅಂದೆ. ನಕ್ಕರು. "ಹೋಗು ಬಾಲೆ, ಅವಳು ದೊಡ್ಡ ಜನ, ನಿನಗೆ ಆ ಸ್ವರ ಎಲ್ಲಿಂದ ಬರಬೇಕು." ಮೂರು ಸಲ ಹೇಳಿದೆ, ಕೈ ಮುಗಿದು ಹೇಳಿದೆ. ನಂಬಲೇ ಇಲ್ಲ, ಲಲಿತ ಹೇಳಿದರೂ ಇಲ್ಲ. ಯಾರನ್ನೋ ಉಳಿಸ್ಲಿಕ್ಕೆ ನಾನು ಸುಳ್ಳು ಹೇಳುವುದು ಅಂತ ಅವರ ಲೆಕ್ಕ. ಆಮೇಲೆ ದಪ್ಪ ಕನ್ನಡಕ ಹಾಕಿ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೇ ಬರ್ತಿದ್ದರು, ನನ್ನ ಕೈಗೆ ಎರಡು ಮೀನು ಹೆಚ್ಚು ಹಾಕಿ, "ಅವಳು ಅಲ್ಲಿ ಇನ್ನೂ ಇದ್ದಾಳಾ?" ಅಂತ ಕೇಳ್ತಿದ್ದರು. ಸಾಯುವವರೆಗೂ ಕೇಳಿದರು. ನನಗೆ ಸಿಗಬೇಕಾದ ಬೈಗುಳ ಪೂರಾ ಅವಳಿಗೇ ಹೋಯ್ತು, ಮೀನು ಮಾತ್ರ ನನಗೆ ಬಂತು. ಅದನ್ನು ತಿನ್ನುವ ಕಷ್ಟ ನನಗೇ ಗೊತ್ತು. ಅದಕ್ಕೇ ಹೇಳುವುದು, ಕಾಣದವರ ಹತ್ತಿರ, ಮಲಗಿದವರ ಹತ್ತಿರ ಹೋಗುವಾಗ ಮೊದಲು ನೀವು ಯಾರು ಅಂತ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಬಾಕಿದ್ದೆಲ್ಲ ಮತ್ತೆ. ಹ್ಞಾಂ, ಏಳಿ ಈಗ, ಕೈ ತೊಳ್ಕೊಳ್ಳಿ.