ಅತ್ತೆಯ ಕಣ್ಣಿಗೆ ಬಿದ್ದ ಕೊಲೆಗಾರ

…ನಗ್ತಾ ಇದ್ದೀರಾ ಅಳಿಯಂದ್ರೇ? ನಗಿ, ನಗಿ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿದ್ದಾರಾ? ಕಳ್ಕೊಂಡಿದ್ದನ್ನ ಹುಡುಕ್ಕೊಡಿ ಅಂತ ಊರೋರೆಲ್ಲ ನನ್ನ ಹತ್ರಾನೇ ಬರೋದು. ಬ್ಯಾಂಕ್ ಮ್ಯಾನೇಜರ ಹಲ್ಲಿನ ಸೆಟ್ಟು ಎಲ್ಲಿದೆ ಅಂತ ಇಲ್ಲೇ ಕೂತು, ಕಣ್ಮುಚ್ಚಿ ಹೇಳ್ದೋಳು ನಾನು. …ಅವರ ಬಾಯಲ್ಲೇ ಇತ್ತು, ನಿಜ. ಆದ್ರೆ ಹೇಳ್ದೋರು ಯಾರು?

ಕೂತ್ಕೊಳ್ಳಿ. ಅಡುಗೆಮನೆ ಸ್ಟೂಲು ಅಂತ ಬೇಜಾರು ಮಾಡ್ಕೋಬೇಡಿ, ಮುಂದಿನ ಕೋಣೇಲಿ ಕೂತ್ರೆ ಕಿಟಕಿಯಿಂದ ಎಲ್ಲರಿಗೂ ಕಾಣ್ತೀರಿ. ಇನ್‌ಸ್ಪೆಕ್ಟರು ಕೊಲೆಗಾರನ್ನ ಹುಡುಕೋಕೆ ಅತ್ತೆ ಮನೆಗೆ ಬಂದಿದ್ದಾರೆ ಅಂದ್ರೆ ಮರ್ಯಾದೆ ಏನಾಗಬೇಡ? ಅದಕ್ಕೇ ತಾನೇ ಯೂನಿಫಾರಂ ಬಿಚ್ಚಿಟ್ಟು, ಜೀಪನ್ನ ಎರಡು ಬೀದಿ ಆಚೆ ನಿಲ್ಸಿ, ಈ ಸ್ವೆಟರ್ ಹಾಕ್ಕೊಂಡು ಬಂದಿರೋದು? ಸೆಖೆ ಆಗ್ತಿಲ್ವಾ?

ನಿಮ್ಮ ಇಷ್ಟಕ್ಕೆ ಬಂದಿಲ್ಲ ಅಂತ ಗೊತ್ತು ಬಿಡಿ. ದೊಡ್ಡ ಸಾಹೇಬ್ರು ಹೋಗು ಅಂದ್ರು, ಬಂದ್ರಿ. ಊರಲ್ಲಿ ಮೂರು ಜನ ಹೆಂಗಸರು ಕೊಲೆಯಾಗಿ ಹೋದ್ರು. ಮೊದ್ಲು ಟೀಚರಮ್ಮ, ಆಮೇಲೆ ಹೊಲಿಗೆಯಮ್ಮ, ಹೋದ ತಿಂಗಳು ನರ್ಸಮ್ಮ. ಮೂವರೂ ನನ್ನ ವಾರಿಗೆಯವರು, ಒಂಟಿಯಾಗಿದ್ದವರು. ಮೂವರ ಮುಖದ ಮೇಲೂ ದಿಂಬು. ಈ ವಾರದೊಳಗೆ ಅವನು ಸಿಗ್ಲಿಲ್ಲ ಅಂದ್ರೆ ನಿಮಗೆ ಎಲ್ಲೋ ಗಡಿ ಹತ್ರ ವರ್ಗ ಅಂತೆ. ನೀವು ಹೋಗಿ, ನಂಗೇನು… ಆದ್ರೆ ನಿಮ್ಮ ಹಿಂದೆ ನನ್ನ ಮಗಳೂ ಹೋಗ್ತಾಳಲ್ಲ. ಇರೋಳು ಒಬ್ಳೇ ಮಗಳು. ಅದಕ್ಕೇ ನೋಡಿ ನಾನು ಇಷ್ಟೊಂದು ಒದ್ದಾಡ್ತಿರೋದು.

ಕೊಡಿ ಇಲ್ಲಿ ಆ ಕನ್ನಡಕ. ನರ್ಸಮ್ಮಂದಾ? ಪಾಪ. ಇಂಜೆಕ್ಷನ್ ಕೊಡುವಾಗ ಇದನ್ನ ತೆಗೆದು ಜೇಬಿಗೆ ಹಾಕ್ಕೋತಿದ್ರು, ಅದಕ್ಕೇ ಅಷ್ಟು ನೋಯ್ತಿತ್ತು. …ಸರಿ, ಕಣ್ಣು ಮುಚ್ತೀನಿ. ಮಾತಾಡ್ಬೇಡಿ. ಆ ಕಾಲು ಅಲ್ಲಾಡಿಸೋದು ನಿಲ್ಲಿಸಿ.

ಹ್ಞಾಂ… ಬರ್ತಾ ಇದೆ. ನೀರು ಕಾಣ್ತಿದೆ… ಯಾಕೆ ನಿಟ್ಟುಸಿರು? ಹೌದು, ಹೋದ ಸಲಾನೂ ನೀರು ಅಂದಿದ್ದೆ. ನೀವು ಹೋಗಿ ಕೆರೆಗೆ ಬಲೆ ಹಾಕ್ಸಿದ್ರಿ. ಕೆರೆ ಅಂತ ನಾನು ಅಂದಿದ್ನಾ? ಇದು ನಲ್ಲಿ ನೀರು. ಗಂಡಸು. ತೆಳ್ಳಗೆ… ತೀರಾ ತೆಳ್ಳಗಲ್ಲ. ಮೆಟ್ಟಿಲು ಇಳೀತಿದ್ದಾನೆ, ಚಪ್ಪಲಿ ಸದ್ದೇ ಇಲ್ಲ. ಏನೋ ಗುನುಗ್ತಿದ್ದಾನೆ. ಅಂಗಿ ತೋಳು ಮಡಚ್ತಾನೆ… ಲೋಟ ತೊಳೀತಾನೆ. ತೊಳೆದು, ಬಿಳೀ ಬಟ್ಟೆ ಹಾಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕವುಚಿಡ್ತಾನೆ. ಕೊನೇ ಚಿಕ್ಕ ಲೋಟದ ಮೇಲೆ ಒಂದು ಚಮಚ. ಅಡ್ಡಡ್ಡ.

…ಅಳಿಯಂದ್ರೇ? ಕಣ್ಣು ಬಿಡ್ಲಾ? ಯಾಕೆ ಎದ್ದು ನಿಂತ್ರಿ?

ಏನು? ಮೂರು ಮನೇಲೂ ಹಾಗೇ ಇತ್ತಾ? ಚಮಚಾನೂ? ಪೇಪರಿನವರಿಗೂ ಹೇಳಿಲ್ವಾ ಇದನ್ನ? …ಇಲ್ಲಪ್ಪ, ನನ್ನ ಮಗಳು ಹೇಳ್ಲಿಲ್ಲ. ನೀವು ಅವಳಿಗೆ ಹೇಳಿದ್ರೆ ತಾನೇ ಅವಳು ನಂಗೆ ಹೇಳೋದು. ಹೇಳಿಲ್ಲ ತಾನೇ? ಮತ್ತೆ! ಅತ್ತೆ ಅಂದ್ರೆ ಏನಂದ್ಕೊಂಡಿದ್ರಿ? ಮಾಡಿ, ಈಗ್ಲೇ ಸಾಹೇಬ್ರಿಗೆ ಫೋನ್ ಮಾಡಿ. ವರ್ಗ ಗಿರ್ಗ ಎಲ್ಲ ಕ್ಯಾನ್ಸಲ್ ಅನ್ನಿ. ಪೇಪರಿಗೆ ನನ್ನ ಫೋಟೋ ಬೇಕಂದ್ರೆ ಒಳ್ಳೇದೊಂದಿದೆ, ಕೂದಲು ಕಪ್ಪಗಿದ್ದಾಗಿನದು…

ನಾನು ಇಷ್ಟು ಹೇಳ್ತಿದ್ರೆ ನೀವೇನು ಸಿಂಕ್ ಕಡೆ ನೋಡ್ತಿದ್ದೀರಿ?

ಓ. ಅದಾ. ಅದು… ಲೋಟ. ನಾನೇ ಇಟ್ಟಿದ್ದು. ಬಿಳೀ ಬಟ್ಟೆ, ಹೌದು… ಚಮಚ, ಹೌದು… ಮೊಣಕೈಯಾ? ನೋವಿದೆ, ಒಂದು ತಟ್ಟೆ ಎತ್ತೋಕಾಗಲ್ಲ, ನಿಮ್ಮ ಹೆಂಡ್ತಿಗೆ ನಾನೇ ಹೇಳಿದ್ದು. ಆದ್ರೆ ಲೋಟ ಎಷ್ಟು ಭಾರ ಇರುತ್ತೆ… ಹಾಗೆಲ್ಲ ಪೊಲೀಸ್ ಥರ ನೋಡ್ಬೇಡಿ ನನ್ನ.

ಮೇಲೆ ಸದ್ದಾ? ಇಲಿ. ಮಹಡಿ ಖಾಲಿ ಇದೆಯಲ್ಲ, ಸೇರ್ಕೊಂಡಿದೆ.

…ಕೆಮ್ತು, ಹೌದು. ವಯಸ್ಸಾಗಿರೋ ಇಲಿ.

ಮೆಟ್ಟಿಲ ಕಡೆ ಹೋಗ್ಬೇಡಿ ಅಳಿಯಂದ್ರೇ. ಬೈಯಿರಿ ಬೇಕಾದ್ರೆ. ಇಲ್ಲೇ ಇರಿ, ಹೇಳ್ತೀನಿ.

ಸರಿ. ಆಯ್ತು. ಮಹಡಿ ಒಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೀನಿ. ಹೊಸಬರಿಗೆ ಮನೆ ಕೊಟ್ರೆ ಠಾಣೆಗೆ ತಿಳ್ಸಿ ಅಂತ ನೀವು ಜೀಪಿಗೆ ಮೈಕ್ ಕಟ್ಕೊಂಡು ಕೂಗ್ತಾ ಬಂದಾಗ, ಬಾಗಿಲಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ತಲೆ ಆಡಿಸ್ದೋಳು ನಾನೇ. ಆ ಹೊತ್ತಿಗೆ ಅವರು ಮೇಲೆ ಪರದೆಗೆ ಮೊಳೆ ಹೊಡೀತಾ ಇದ್ರು. ತುಂಬಾ ಒಳ್ಳೆಯವರು. ನಿಮ್ಮ ಹೆಂಡ್ತಿ ಬರ್ತೀನಿ ಬರ್ತೀನಿ ಅಂತಾಳೆ, ಬರಲ್ಲ. ಇವರು ದಿನಾ ಸಂಜೆ ಇಳಿದು ಬಂದು, ಕೈ ನೋವಲ್ವಾ, ನೀವು ಕೂತ್ಕೊಳ್ಳಿ ಅಮ್ಮ ಅಂತ ಅಷ್ಟೂ ಪಾತ್ರೆ ತೊಳೆದಿಟ್ಟು ಹೋಗ್ತಾರೆ. ಅಮ್ಮ ಅಂತಾರೆ ಕಣ್ರೀ. ಹೊಟ್ಟೆ ತಣ್ಣಗಾಗೋದು ನಂಗೆ.

ದಿವ್ಯದೃಷ್ಟಿಯಾ? ಯಾವ ದಿವ್ಯದೃಷ್ಟಿ ತಂದ್ರಿ. ಕಣ್ಣು ಮುಚ್ಚಿದ್ರೆ ಎಲ್ಲರಿಗೂ ಕಾಣೋದೇ ನಂಗೂ ಕಾಣೋದು, ಕತ್ತಲೆ. ಏನಾದ್ರೂ ಹೇಳಿ ನಿಮ್ಮನ್ನ ಈ ಊರಲ್ಲೇ ಉಳಿಸ್ಕೋಬೇಕಿತ್ತಲ್ಲ… ನಿನ್ನೆ ಸಂಜೆ ಈ ಸಿಂಕ್ ಹತ್ರ ನೋಡಿದ್ದನ್ನೇ ಹೇಳ್ದೆ.

ಟೀಚರಮ್ಮನ ಮನೇಲೂ… ಮಹಡಿ ಬಾಡಿಗೆಗಿತ್ತಾ? ಹೊಲಿಗೆಯಮ್ಮನ ಹಿಂದಿನ ಕೋಣೆ? ಅಲ್ಲೊಂದು ಹೆಸರು, ಇಲ್ಲೊಂದು ಹೆಸರಾ? ತಲೆ ಆಡಿಸ್ಬೇಡಿ. ಬಾಯಿಬಿಟ್ಟು ಇಲ್ಲ ಅನ್ನಿ. ಒಂದು ಸಲ ಇಲ್ಲ ಅನ್ನಿ ಅಳಿಯಂದ್ರೇ.

ಅಯ್ಯೋ… ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರು ಅಂತಾರಲ್ಲ… ನಾನು ಕೂಸಿಗೆ ದಿನಾ ಚಹಾನೂ ಕೊಟ್ಟಿದ್ದೀನಿ.

ಶ್. ಮೇಲಿನ ಬಾಗಿಲು. ಗುನುಗೋದು ಕೇಳ್ತಾ? ನಿಲ್ಲಿ, ನಿಲ್ಲಿ, ಒಂದು ಮಾತು… ನೀವು ಪೊಲೀಸು ಅಂತ ಅವರಿಗೆ ಗೊತ್ತಿಲ್ಲ. ಅಳಿಯ ಇನ್‌ಸ್ಪೆಕ್ಟರು ಅಂದ್ರೆ ಯಾರು ಬಾಡಿಗೆಗೆ ಬರ್ತಾರೆ? ಪಾತ್ರೆ ಅಂಗಡಿ ಇಟ್ಟಿದ್ದಾರೆ ಅಂದ್ಬಿಟ್ಟೆ. ಬೈಬೇಡಿ, ಆಮೇಲೆ ಬೈಯಿರಿ. ಸ್ವೆಟರ್ ಕೆಳಗೆ ಎಳ್ಕೊಳ್ಳಿ, ಪಿಸ್ತೂಲು ಕಾಣ್ತಿದೆ. ನನ್ನ ಪಕ್ಕಾನೇ ನಿಂತ್ಕೊಳ್ಳಿ.

…ಬನ್ನಿ, ಬನ್ನಿ ಒಳಗೆ. ನಡುಗ್ತಿದ್ದೀನಾ? ಚಳಿ ಅಲ್ವಾ, ನೋಡಿ ಇವರೂ ಸ್ವೆಟರ್ ಹಾಕ್ಕೊಂಡೇ ಬಂದಿದ್ದಾರೆ. ಇವರೇ ನಮ್ಮ ಅಳಿಯಂದ್ರು. ಹೇಳಿರ್ಲಿಲ್ವಾ, ಪಾತ್ರೆ ಅಂಗಡಿ… ನೀವು ಲೋಟ ಕವುಚಿಟ್ಟಿರೋದನ್ನ ನೋಡಿ, ಪಾಪ, ಆವಾಗಿಂದ ಅವರಿಗೆ ಮಾತೇ ಹೊರಡ್ತಿಲ್ಲ.